ಬರಿದಾಗಿ ಮರಳದ ಬೋಗುಣಿ

ಸಿಂಧನೂರು, ಲಿಂಗಸುಗೂರು ಸೀಮೆಯ ಅಡುಗೆಮನೆಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಒಲೆಗೆ ಕೈಮುಗಿಯುವ ಮುನ್ನ ಮಸ್ಕಿಯ ಕಲಾಯಿ ಲಾಲ್‌ಸಾಬರಿಗೆ ಸಲಾಮು ಹೇಳಬೇಕು. ತಹಶೀಲ್ದಾರ ಸಾಹೇಬರ ಹಂಡೆಯಿಂದ ಪಾಮನಕಲ್ಲೂರಿನ ಕುರಿಗಾರರ ಚರಿಗೆಯವರೆಗೆ ಎಲ್ಲದರ ಒಳಮೈಗೂ ತವರ ಬಳಿದು, ಹುಳಿಸಾರು ಕಿಲುಬೇರದಂತೆ ಕಾಪಾಡಿದ ಆ ಕೈಗಳು ಇನ್ನು ಬೆಂಕಿ ಊದುವ ತಿದಿ ಬಿಟ್ಟು ವಿಶ್ರಮಿಸುವವೆಂದು ಅವರ ಸನ್ಮಾನದ ಆಮಂತ್ರಣಪತ್ರಿಕೆ ಸಾರುತ್ತಿದೆ. ಕಾಲುಗಳ ಸಂಗತಿಯನ್ನು ಪತ್ರಿಕೆ ಜಾಣತನದಿಂದ ಬಿಟ್ಟಿದೆ. ಕುಂತಲ್ಲಿ ಕೂಡದ ಜೀವ ಅದು; ಕಲಾಯಿ ಹಾಕುವಾಗಲೂ ಕುಕ್ಕರಗಾಲಲ್ಲೇ, ಈಗಲೇ ಎದ್ದು ಹೊರಟವರ ಹಾಗೆ.

ಲಾಲ್‌ಸಾಬರ ಕಲಾಯಿ ಬಂಡಿಯ ಪಾಲುದಾರರಾದ ಹೊನ್ನೂರಪ್ಪನವರು ಗಂಟಲು ಸರಿಮಾಡಿಕೊಂಡರೆಂದರೆ ಹೊಸ ಯೋಚನೆಯೊಂದು ಹೊರಟಿತೆಂದೇ ಅರ್ಥ. ಹಿಂದೊಮ್ಮೆ ಹಾಗೇ ಸರಿಮಾಡಿಕೊಂಡು ಅಂದರು: “ಹ್ಞೂಂ... ಲಾಲ್‌ಸಾಬ್ರ, ನಾವು ಕೊಡೋದು ಬರೇ ಹೊಳಪು. ಹೊಳಪು ಸವೀತದ, ಸಂಗಾಟ ನಮ್ಮ ಹೆಸರೂ ಸವೀತದ. ಕೈಯಾಗ ಹಿಡಿಯೋ ಸಾಮಾನು ಇಡೋಣ್ರಿ.” ಹೈದರಾಬಾದಿನಿಂದ ಹೊಸ ಹಿತ್ತಾಳೆ ಬೋಗುಣಿಗಳು ಬಂದು, ಕಲಾಯಿ ಬಂಡಿಯಲ್ಲಿ ಝಣಝಣ ಎನ್ನತೊಡಗಿದವು.

ಆ ಸದ್ದು ಕೇಳಿದ್ದೇ ತಡ, ಗುರುಗುಂಟದ ಯಮನೂರಮ್ಮ ಹೊರಗೆ ತಂದಿದ್ದ ಹಳೆಯ ಬೋಗುಣಿಯನ್ನು ಸೆರಗಿನ ಮರೆಗೆ ಎಳೆದುಕೊಂಡರು.

“ಪಾತ್ರಿ ಮಾರಾವ ಕಲಾಯಿ ಗಟ್ಟಿ ಯಾಕ ಹಾಕ್ತಾನ, ಲಾಲ್‌ಸಾಬಣ್ಣಾ? ನಂದು ಲಗೂನ ಕೆಟ್ರ ನಿಂದು ಲಗೂನ ಖರ್ಚಾಗ್ತದ.”

ಓಣಿಯ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ತಲೆಮಾರಿನ ನಂಬಿಕೆ ಒಂದು ಮಧ್ಯಾಹ್ನದಲ್ಲಿ ಹಾರಿಹೋಗುವುದನ್ನು ಕಂಡ ಲಾಲ್‌ಸಾಬರು ಬಂಡಿಯ ಸುತ್ತ ಸುತ್ತಿದರು, ಹೊಸ ಬೋಗುಣಿಯೊಂದನ್ನು ಎತ್ತಿದರು, ಇಟ್ಟರು, ಮತ್ತೆ ಎತ್ತಿ ಯಮನೂರಮ್ಮನವರ ಕಟ್ಟೆಯ ಮೇಲಿಟ್ಟರು.

“ಹಳೇದು ಕೊಡವ್ವಾ, ಕಲಾಯಿ ಹಾಕ್ತೀನಿ. ಹೊಸಾದು ನಿನ್ನ ಮನ್ಯಾಗ ಜಾಮೀನು ಇರ್ಲಿ. ಯುಗಾದಿತನಕ ಕಲಾಯಿ ನಿಲ್ಲಲಿಲ್ಲಂದ್ರ ಇದು ನಿಂದ.”

ಹೊನ್ನೂರಪ್ಪನವರು ಬಂಡಿಯಲ್ಲಿ ಉಳಿದ ಬೋಗುಣಿಗಳನ್ನು ಎಣಿಸತೊಡಗಿದರು.

ಅಂದಿನಿಂದ ಲಾಲ್‌ಸಾಬರಿಗೆ ಗುರುಗುಂಟದ ಹಾದಿಯಲ್ಲಿ ವಿಪರೀತ ನೀರಡಿಕೆ. ಯಾವ ಊರಿಗೆ ಹೊರಟರೂ ಯಮನೂರಮ್ಮನವರ ಬಾಗಿಲಲ್ಲೇ ಗಂಟಲೊಣಗುವುದು, ನೀರು ಕುಡಿಯುತ್ತ ಕತ್ತು ಒಲೆಯತ್ತ ವಾಲುವುದು.

“ನೀರಡಿಕಿ ನಿನ್ನ ಬಾಯಿಗಲ್ಲ, ಕಣ್ಣಿಗಿ ಆಗ್ಯದ,” ಎಂದು ಆ ತಾಯಿ ಹಳೆಯ ಬೋಗುಣಿಯನ್ನು ಎದುರಿಗೇ ತಂದು ಕುಕ್ಕುತ್ತಿದ್ದರು.

ಯುಗಾದಿ ಕಳೆಯಿತು, ಕಲಾಯಿ ನಿಂತಿತು. ಜಾಮೀನಿನ ಬೋಗುಣಿ ಮರಳಿತು, ಆದರೆ ಬರಿದಾಗಿ ಅಲ್ಲ. ಪರರ ಪಾತ್ರೆಯನ್ನು ಖಾಲಿ ಕಳಿಸುವುದು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ ಮಾತು. ಅದರ ತುಂಬ ಶೇಂಗಾ ಹೋಳಿಗೆ.

“ಎಣ್ಣಿ ಜಿಡ್ಡು ಹತ್ಯದ. ಇನ್ನ ಇದನ್ನ ಹೊಸಾದು ಅಂತ ಹ್ಯಾಂಗ ಮಾರೋದ್ರಿ?” ಎಂದರು ಹೊನ್ನೂರಪ್ಪ, ಹೋಳಿಗೆ ಮುರಿಯುತ್ತ.

“ಮಾರಬ್ಯಾಡ್ರಿ. ಬಂಡೀ ಮುಂದ ಕುಂದರ್ಲಿ,” ಎಂದರು ಲಾಲ್‌ಸಾಬರು.

ಹಾಗೆ ಕೂತ ಆ ಒಂದು ಬೋಗುಣಿಯ ಕಥೆ ಕೇಳಿ ಜವಳಗೇರಾದವರೆಗೂ ಬಾಗಿಲುಗಳು ತೆರೆದವು. ಕಲಾಯಿಯ ಮಾತಿಗೆ ಪಾತ್ರೆ ಜಾಮೀನಾಯಿತು, ಪಾತ್ರೆಯ ಬಾಳಿಕೆಗೆ ಕಲಾಯಿ.

ಈಗ ಸನ್ಮಾನದ ದಿನಕ್ಕೆಂದು ಯಮನೂರಮ್ಮನವರು ಅದೇ ಬೋಗುಣಿಯನ್ನು ತರಿಸಿಕೊಂಡಿದ್ದಾರೆ, ತುಂಬಿ ಕೊಡುತ್ತಾರಂತೆ. ಸುದ್ದಿ ಮುಟ್ಟಿದಾಗ ಲಾಲ್‌ಸಾಬರು ಕೂತಿದ್ದ ಕುರ್ಚಿಯ ಅಂಚಿಗೆ ಸರಿದು ಕೇಳಿದರು: “ತುಂಬಿ ತಂದಾಕಿನ್ನ ನಾ ಖಾಲಿ ಕೈಲೆ ಹ್ಯಾಂಗ ಕಳಸ್ಲಿ? ಆಕಿ ಹಳೇ ಬೋಗುಣಿಗಿ ಕಲಾಯಿ ಹಾಕಿ ಕೊಡ್ತೀನಿ. ತಿದಿ ಎಲ್ಲಿ ಇಟ್ಟೀರಿ?”

ದೇವರು ಅವರಿಗೆ ನೂರು ವರುಷದ ಆಯುಷ್ಯ, ಗಟ್ಟಿ ಕಾಲು ಕೊಡಲಿ. ವಿಶ್ರಾಂತಿ ಕೊಡುವ ಗೋಜಿಗೆ ಮಾತ್ರ ಹೋಗದಿರಲಿ.