ಸುಳಿ ನೋಡಿ ಕೊಟ್ಟ ಮನೆ

ಹೇರೋಹಳ್ಳಿಯ ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿದ ಹೆಂಗಸಿನ ಫೋಟೊವನ್ನು ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ್ದ. ನನ್ನ ಎರಡು ಬೆರಳು ನನ್ನನ್ನು ಕೇಳದೆಯೇ ಆಕೆಯ ಹಣೆಯನ್ನು ದೊಡ್ಡದು ಮಾಡಿ ನೋಡತೊಡಗಿದವು. ಮೈಯೆಲ್ಲ ಉರಿದುಹೋಯಿತು. ಅದು ಅಪ್ಪನ ಚಾಳಿ.

ಎತ್ತು ಕೊಳ್ಳುವಾಗ ರೈತರು ಸುಳಿ ನೋಡುತ್ತಾರೆ, ಗೊತ್ತಲ್ಲ? ಹಣೆಯ ಮೇಲೋ ಬೆನ್ನ ಮೇಲೋ ಕೂದಲು ಸುತ್ತಿಕೊಂಡ ಗುರುತು. ಒಂದೊಂದು ಜಾಗದ ಸುಳಿಗೆ ಒಂದೊಂದು ಫಲ. ಅಪ್ಪ ಅದರಲ್ಲಿ ನಿಸ್ಸೀಮ. ಹೊಲವೆಲ್ಲ ಸೈಟಾಗಿ, ಎತ್ತು ಹೋಗಿ ಬಾಡಿಗೆಯವರು ಬಂದಮೇಲೂ ಅವನ ಕಣ್ಣು ದನದ ಸಂತೆಯಲ್ಲೇ ಉಳಿಯಿತು. ಮನೆ ಕೇಳಿ ಬಂದವರನ್ನು ಬಿಸಿಲಿಗೆ ಮುಖಮಾಡಿ ನಿಲ್ಲಿಸಿ ಹುಬ್ಬು, ಮೂಗು, ಗದ್ದ ನೋಡುವನು. ಬೇಡವೆನಿಸಿದರೆ ಕೆಮ್ಮುವನು. "ನಿನ್ನೆ ತಾನೇ ಬೇರೆಯವ್ರಿಗೆ ಮಾತಾಗ್ಬಿಡ್ತು ಸಾರ್" ಎಂದು ಸುಳ್ಳು ಹೇಳುವ ಕೆಲಸ ನನ್ನದು. ಅದರಲ್ಲಿ ನಾನೂ ನಿಸ್ಸೀಮನಾದೆ.

ಈ ಹುಚ್ಚು ಅಪ್ಪನದೊಂದೇ ಅಲ್ಲ. ಹಳೆಯ ಗ್ರೀಕರು ಮನುಷ್ಯರ ಮುಖದಲ್ಲಿ ಸಿಂಹ, ನರಿಗಳನ್ನು ಹುಡುಕಿದರಂತೆ. ನಮ್ಮ ಸಾಮುದ್ರಿಕ ಶಾಸ್ತ್ರದವರು ಹೆಣ್ಣಿನ ಹುಬ್ಬು ನೋಡಿ ಸಂಸಾರದ ಭವಿಷ್ಯ ಬರೆದರು. ಬಿಳಿ ಸಾಹೇಬರು ಬಂದು ನಮ್ಮ ಜಾತಿಜಾತಿಯ ಮೂಗುಗಳನ್ನು ಅಳೆದರು. ಎಲ್ಲರೂ ಓದಿದವರೇ. ಅಪ್ಪನದು ಮೂರನೇ ಕ್ಲಾಸು.

ಒಮ್ಮೆ ಮೆಳ್ಳೆಗಣ್ಣಿನ ಮೇಷ್ಟ್ರೊಬ್ಬರನ್ನು ವಾಪಸು ಕಳಿಸಿ, ಅಗಲ ಹಣೆಯ ಗಂಡಸೊಬ್ಬನಿಗೆ ಮನೆ ಕೊಟ್ಟೆವು. "ರಾಜಲಕ್ಷಣ ಕಣೋ, ಹಣೆ ನೋಡು" ಎಂದ ಅಪ್ಪ. ತಿಂಗಳೊಳಗೆ ಮಹಡಿಯಿಂದ ಅವನ ಹೆಂಡತಿ ಕೂಗಿಕೊಳ್ಳುವುದು ಕೇಳತೊಡಗಿತು. ಒಂದು ಬೆಳಿಗ್ಗೆ ಆಕೆ ಊದಿದ ಕೆನ್ನೆಯಲ್ಲೇ ಕೆಳಗಿಳಿದು ಬಂದಳು.

"ಅಂಕಲ್, ನೀವೊಂದು ಮಾತು ಹೇಳಿ ಅವ್ರಿಗೆ. ನೀವ್ ಹೇಳಿದ್ರೆ ಕೇಳ್ತಾರೆ."

ಅಪ್ಪ ಆ ಕೆನ್ನೆಯನ್ನು ನೋಡಲೇ ಇಲ್ಲ. ಹುಬ್ಬು ನೋಡಿದ. ಆಕೆ ಮೆಟ್ಟಿಲು ಹತ್ತಿದಮೇಲೆ, "ಹುಬ್ಬು ಕೂಡಿದೆ. ಇವಳೇ ಏನೋ ಕೆಣಕಿರ್ತಾಳೆ" ಎಂದ.

ನಾನು, ಮೂವತ್ತು ದಾಟಿದ ಗಂಡಸು, ಕಾಫಿ ಕುಡಿಯುತ್ತ ಕೂತೇ ಇದ್ದೆ. ವಾರದೊಳಗೆ ಆಕೆಯ ಕೈ ಮುರಿಯಿತು. ಅವಳ ಅಣ್ಣ ಬಂದು ಆಟೋದಲ್ಲಿ ಕರೆದುಕೊಂಡು ಹೋದ. ಅಪ್ಪ ತೀರಿಕೊಂಡು ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಇಟ್ಟುಕೊಂಡಿದ್ದೇನೆ, ನನ್ನ ಮೇಲೂ.

ಬ್ರೋಕರ್ ಫೋನು ಮಾಡಿದ. "ಮುಖ ನೋಡಿದ್ರಲ್ಲಾ ಸಾರ್? ಗಂಡನ್ನ ಬಿಟ್ಟು ಬಂದೋರಂತೆ. ನಿಮ್ಮ ತಂದೆಯವ್ರು ಇದ್ದಿದ್ರೆ ಒಂದೇ ನೋಟಕ್ಕೆ ಹೇಳ್ತಿದ್ರು."

"ಹೇಳ್ತಿದ್ರು. ಆ ಫೋಟೊ ಡಿಲೀಟ್ ಮಾಡಿದೀನಿ. ಭಾನುವಾರ ಅವ್ರನ್ನ ಕರ್ಕೊಂಡ್ ಬನ್ನಿ."

ಭಾನುವಾರ ಆಕೆ ಬಂದರು. ಅಭ್ಯಾಸಬಲದಿಂದ ತಾವೇ ಬಿಸಿಲಿಗೆ ಮುಖಮಾಡಿ ನಿಂತರು. ಎಷ್ಟು ಮನೆ ಕೇಳಿ ಬಂದಿದ್ದರೋ. ನೆರಳಿಗೆ ಕರೆದು ಕೀ ಕೊಟ್ಟೆ.

"ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ಕೂಗಿ," ಎಂದೆ. "ಕೆಳಗೆ ಎಲ್ಲಾ ಕೇಳ್ಸುತ್ತೆ. ಮೊದ್ಲಿಂದ್ಲೂ ಕೇಳ್ಸುತ್ತೆ."