ಕವರ್ ತೆಗೆಯದ ಸಂಸಾರ

ನಮ್ಮ ಮನೆಯಲ್ಲಿ ಯಾವ ಹೊಸ ವಸ್ತುವಿನ ಕವರನ್ನೂ ತೆಗೆಯುವ ಪದ್ಧತಿಯಿರಲಿಲ್ಲ. ಟಿವಿ ರಿಮೋಟು ಪ್ಲಾಸ್ಟಿಕ್ಕಿನೊಳಗೇ ಮುದಿಯಾಗುತ್ತಿತ್ತು. ಫ್ರಿಜ್ಜಿನ ಬಾಗಿಲ ಮೇಲಿನ ತೆಳು ಹಾಳೆ ಅಂಚಿನಲ್ಲಿ ಸುರುಳಿ ಸುತ್ತಿಕೊಂಡಿದ್ದರೂ ಅದನ್ನು ಎಳೆಯುವ ಧೈರ್ಯ ನನಗಿರಲಿಲ್ಲ. ಸೂರತ್‌ನಲ್ಲಿ ಕೊಂಡ ಸೋಫಾ ಅಹಮದಾಬಾದ್ ದಾಟಿ ವಡೋದರಾದ ಈ ಮಂಜಲ್‌ಪುರಕ್ಕೆ ಬಂದರೂ ಪಾಲಿಥೀನ್ ಹೊದ್ದೇ ಕೂತಿತ್ತು. ಎದುರು ಮನೆಯ ರಮೀಲಾಬೆನ್ ಅದರ ಮೇಲೆ ಕೂತರೆ ಚರಪರ ಸದ್ದು. ಬೇಸಿಗೆಯಲ್ಲಿ ಏಳಹೋದರೆ ಅದು ಅಂಟಿಕೊಂಡು ಅವರನ್ನು ಬಿಡುತ್ತಲೇ ಇರಲಿಲ್ಲ.

"ಭಾಯಿ, ಯೇ ಘರ್ ಹೈ ಯಾ ಶೋರೂಮ್?" ಇದು ಮನೆಯೋ ಶೋರೂಮೋ ಎಂದು ಅವರು ಕೇಳಿದ್ದುಂಟು.

ನಾನೇನು ಹೇಳಲಿ? ವಿಮಾ ಕಚೇರಿಯ ನೌಕರಿ ನನ್ನದು. ಮೈಸೂರಿನಿಂದ ಹೊರಟವನನ್ನು ವರ್ಗಾವಣೆಯ ಆದೇಶಗಳು ಊರಿಂದೂರಿಗೆ ಎತ್ತಿ ಹಾಕುತ್ತಲೇ ಇವೆ. ಸಾಮಾನು ಮತ್ತೆ ಲಾರಿ ಹತ್ತುವುದೇ ಆದರೆ ಈಗ ಬಿಚ್ಚುವುದೇಕೆ? ಆದೇಶಗಳು ಬರುವುದು ಏಪ್ರಿಲ್‌ನಲ್ಲಿ; ಮಾರ್ಚ್ ಬಂತೆಂದರೆ ಫೋನು ಸದ್ದು ಮಾಡಿದರೂ ನನ್ನ ಎದೆ ಧಸಕ್ಕೆನ್ನುತ್ತದೆ. ರಸಗಳ ವಿಚಾರ ಬರೆದ ಹಿಂದಿನವರು ಭಯಾನಕಕ್ಕೆ ಕಾರಣಗಳನ್ನು ಹೇಳುವಾಗ ಗೂಬೆಯ ಕೂಗು, ಕಾಡು, ರಾಜನ ಕೋಪ ಇವುಗಳ ಜೊತೆಗೆ ಶೂನ್ಯಗೃಹವನ್ನೂ ಸೇರಿಸಿದ್ದಾರೆ. ಲಾರಿ ಹೊರಟ ಮೇಲೆ ಖಾಲಿ ಕೋಣೆಯಲ್ಲಿ ನನ್ನದೇ ಕೆಮ್ಮು ತಿರುಗಿ ಬಂದು ಕಿವಿಗೆ ಬಡಿದಾಗಲೆಲ್ಲ, ಅವರಿಗೂ ವರ್ಗಾವಣೆಯಾಗಿತ್ತೇನೋ ಅನ್ನಿಸಿದೆ.

ಈ ಸಲದ ಭಯ ಮಾತ್ರ ಹೊಸ ನಮೂನೆಯದು. ಎಂಟನೇ ಕ್ಲಾಸಿನ ನನ್ನ ಮಗಳು ಅನಘಾ ತನ್ನ ಗೇಮ್ ಕನ್ಸೋಲಿನಲ್ಲಿ ಒಂದು ಊರು ಕಟ್ಟುತ್ತಿದ್ದಾಳೆ. ಅಲ್ಲಿನ ಮನೆಗಳಿಗೆಲ್ಲ ಅವಳು ಬಿಟ್ಟುಬಂದ ಗೆಳತಿಯರ ಹೆಸರು. ಸೂರತ್‌ನ ಖುಶ್ಬೂ ಕೆರೆಯ ಪಕ್ಕ ಇದ್ದಾಳೆ, ಅಹಮದಾಬಾದಿನ ಧ್ರುವಿ ಶಾಲೆಯ ಹಿಂದೆ. "ಈ ಊರಲ್ಲಿ ಮನೆ ಖಾಲಿ ಮಾಡೋರೇ ಇಲ್ವಾ?" ಎಂದು ಒಮ್ಮೆ ಕೇಳಿದೆ.

"ಇಲ್ಲಿಂದ ಯಾರೂ ಹೋಗಲ್ಲ ಅಪ್ಪ. ಅದೇ ರೂಲ್," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಆ ಆಟದ ಹೊಸ ಕಂತು ಇಳಿಸಿಕೊಳ್ಳಲು ಕನ್ಸೋಲಿನಲ್ಲಿ ಜಾಗ ಸಾಲದಾಯಿತು. ಅಲ್ಕಾಪುರಿಯ ಅಂಗಡಿಯಿಂದ ಎಸ್‌ಎಸ್‌ಡಿ ಎಂಬ ಬೆರಳುದ್ದದ ಸ್ಟೋರೇಜ್ ಪಟ್ಟಿ ತಂದು ನಾನೇ ಕೂಡಿಸಿದೆ. ವಿಡಿಯೋ ನೋಡಿ ಸ್ಕ್ರೂ ಬಿಚ್ಚಿ, ಅದರ ಮೇಲೆ ಬಿಸಿ ಹೀರುವ ಲೋಹದ ತಗಡನ್ನು ಕೂರಿಸಿ, ಆಟವನ್ನು ಅದಕ್ಕೆ ಸಾಗಿಸಿದೆ. ಮನೆ ಬದಲಿಸುವುದರಲ್ಲಿ ಅನುಭವಸ್ಥನೆಂಬ ಜಂಬ ಬೇರೆ.

ಅಂದು ಸಂಜೆಯೇ ಆಟ ನಡುವೆ ನಿಂತು ಪರದೆ ಕಪ್ಪಾಯಿತು. ಮತ್ತೆ ಶುರು ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಕಪ್ಪು.

"ಅಪ್ಪ, ಫಿರ್ ಸೆ ಬಂದ್ ಆಯ್ತು! ಸೇವ್ ಆಗೋವಾಗ ಬಂದ್ ಆದ್ರೆ ಊರೇ ಹೋಗತ್ತೆ, ಗೊತ್ತಾ?"

ಅವಳನ್ನು ಎರಡು ಊರುಗಳಿಂದ ಎಬ್ಬಿಸಿದ್ದು ಕಚೇರಿ. ಯಾರೂ ಬಿಟ್ಟು ಹೋಗದ ಈ ಒಂದು ಊರಿಂದ ಎಬ್ಬಿಸಲು ಹೊರಟವನು ನಾನು, ಸ್ಕ್ರೂಡ್ರೈವರ್ ಹಿಡಿದು.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಆಟವನ್ನು ಅಳಿಸಿ ಮತ್ತೆ ಇಳಿಸಿಕೊಂಡೆ. ಪಾಲಿಸಿಯ ಷರತ್ತುಗಳನ್ನು ಗಿರಾಕಿಗಳು ಓದುವುದಿಲ್ಲವೆಂದು ನಗುವ ನಾನು, ಅಳಿಸುವ ಮುನ್ನ 'ಸೇವ್ ಉಳಿಯುತ್ತದೆ' ಎಂಬ ಒಂದು ಸಾಲನ್ನು ಕಣ್ಣು ನೋಯುವಷ್ಟು ಓದಿದೆ. ಆದರೂ ಪರದೆ ಕಪ್ಪಾಯಿತು. ಹಳೆಯ ಜಾಗದಲ್ಲಿದ್ದ ಬೇರೆ ಆಟಗಳೆಲ್ಲ ನಿಲ್ಲದೆ ಓಡುತ್ತಿದ್ದವು. ದೋಷ ಹೊಸ ಜಾಗದ್ದು, ಅಂದರೆ ನನ್ನದು.

ಭಾನುವಾರ ಬೆಳಿಗ್ಗೆ ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ಹೆಂಡತಿ ಸುಮನಾ ಟಾರ್ಚ್ ಹಿಡಿದಳು. ತಗಡನ್ನು ಎತ್ತಿದರೆ ಅದರ ಅಡಿಯ ಮೆತ್ತನೆಯ ಪಟ್ಟಿಯ ಮೇಲೆ ಏನೋ ನೀಲಿಯಾಗಿ ಹೊಳೆಯಿತು.

"ಏನ್ರೀ ಇದು? ಇದರ ಕವರೂ ತೆಗ್ದಿಲ್ವಾ?"

ತೆಗೆದಿರಲಿಲ್ಲ. ವಿಡಿಯೋದವನು ತೆಗೆಯಲು ಹೇಳಿದ್ದು ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ. ಹಾಳೆ ಅಡ್ಡವಾಗಿ ಎಸ್‌ಎಸ್‌ಡಿಯ ಬಿಸಿ ತಗಡಿಗೆ ದಾಟಲಾಗದೆ ಒಳಗೇ ಕುದಿಯುತ್ತಿತ್ತು, ಆಟ ಉಸಿರುಗಟ್ಟಿ ನಿಲ್ಲುತ್ತಿತ್ತು. ಅನಘಾ ಉಗುರಿನಿಂದ ಅಂಚೆತ್ತಿ ಹಾಳೆಯನ್ನು ಸರ್ರನೆ ಕಿತ್ತಳು. ನನ್ನ ಚರ್ಮವನ್ನೇ ಎಳೆದಂತಾಯಿತು.

ಆಟ ಶುರುವಾದಾಗ ನೋಡಲಾರದೆ ಬಾಲ್ಕನಿಗೆ ಹೋಗಿ ನಿಂತೆ. ಒಳಗಿನಿಂದ ಸದ್ದೇ ಇಲ್ಲ. ಊಟದ ಹೊತ್ತಿಗೆ ಹೆದರುತ್ತಲೇ ಇಣುಕಿದರೆ ಖುಶ್ಬೂ ಮನೆಯ ಮುಂದೆ ಅನಘಾ ರಸ್ತೆ ಹಾಕುತ್ತಿದ್ದಳು. ಊರು ಇದ್ದಲ್ಲೇ ಇತ್ತು.

ಅದೇ ಹುರುಪಿನಲ್ಲಿ ಅಮ್ಮ ಮಗಳು ಫ್ರಿಜ್ಜಿನ ಹಾಳೆ ಕಿತ್ತರು, ರಿಮೋಟನ್ನು ಬಿಚ್ಚಿದರು, ಸೋಫಾದ ಪಾಲಿಥೀನಿಗೆ ಕತ್ತರಿ ಹಾಕಿದರು. ಬೇಡವೆನ್ನಲು ಬಾಯಿ ತೆರೆದೆ. ಆದರೆ ಅವತ್ತು ನನ್ನ ಮಾತಿಗೆ ಕಿಮ್ಮತ್ತಿರಲಿಲ್ಲ.

ಸಂಜೆ ರಮೀಲಾಬೆನ್ ಬಂದು ಕೂತರು. ಸೋಫಾ ಸದ್ದು ಮಾಡಲಿಲ್ಲ. ಮಾರಲೆಂದೇ ಬಿಚ್ಚಿದ್ದೇವೆ ಅಂದುಕೊಂಡು ಅವರು ಗಾಬರಿಯಿಂದ ಎದ್ದು ನಿಂತು, "ಕೇಮ್ ಭಾಯಿ, ಬದಲೀ ಆವೀ ಗಈ?" ಎಂದರು. ವರ್ಗ ಆಯಿತಾ, ಅಂತ.

ಉತ್ತರ ಕೊಟ್ಟವಳು ಅನಘಾ. "ನಾ ಮಾಸಿ, ಅಮೇ ರಹೇವಾ ಆವ್ಯಾ." ಇಲ್ಲ ಮಾಸಿ, ನಾವು ಇರೋದಕ್ಕೆ ಬಂದಿದ್ದೀವಿ.

ಮಂಜಲ್‌ಪುರಕ್ಕೆ ಬಂದು ಎರಡು ವರ್ಷದ ಮೇಲೆ ಹೀಗೆಂದಳು. ಏಪ್ರಿಲ್ ಹತ್ತಿರದಲ್ಲೇ ಇದೆ. ಆದೇಶ ಬಂದರೆ ಇವಳಿಗೆ ಯಾವ ಬಾಯಲ್ಲಿ ಹೇಳಲಿ ಎಂದು ನೆನೆಯುತ್ತ ನಾನೂ ಸೋಫಾದ ಮೇಲೆ ಕೂತೆ. ಎಷ್ಟು ಮೆತ್ತಗಿತ್ತು! ಮೂರು ಊರು ಅದನ್ನು ಹೊರಿಸಿಕೊಂಡು ತಿರುಗಿದವನಿಗೆ ಇದು ಗೊತ್ತೇ ಇರಲಿಲ್ಲ.