ಔಟ್ ಆಗದ ಹುಡುಗಿ

ಕಬಡ್ಡಿ ತಂಡಕ್ಕೆ ಹುಡುಗಿಯರನ್ನು ಆರಿಸುವ ಕೆಲಸ ನನ್ನ ಕೊರಳಿಗೆ ಬಿದ್ದು ಬಹಳ ವರ್ಷಗಳಾದವು. ನಾನು ಸವಣೂರಿನಲ್ಲಿ ಕಾಲೇಜು ಹುಡುಗಿಯರಿಗೆ ಆಟ ಕಲಿಸುವವಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ತಿರುಗಿ ಒಂದು ತಂಡ ಕಟ್ಟಬೇಕು. ನನ್ನ ಜೊತೆ ಆರಿಸಲು ಕೂರುವವರು ಶಿಗ್ಗಾಂವಿಯ ಹಿರಿಯರೊಬ್ಬರು. ಮೊದಲು ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತಿದ್ದರು, ಹಾಗಾಗಿ ಎಲ್ಲರ ಬಾಯಲ್ಲೂ ಅವರು ವಸ್ತಾದರೇ. ಅವರು ಹುಡುಗಿಯ ಕಾಲು ನೋಡುತ್ತಾರೆ, ನಾನು ಗುಣ ನೋಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವರಿಗೆ ಕಿವಿ ಮಂದ. ಜಗಳವಾಡದೆ ನಾವು ಒಂದು ತಂಡವನ್ನೂ ಕಟ್ಟಿಲ್ಲ.

ಗುಣ ನೋಡುವುದು ಹೇಗೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಆಡುವವರನ್ನು ನೋಡಬೇಡಿ, ಔಟ್ ಆಗಿ ಕೂತವರನ್ನು ನೋಡಿ. ಕಬಡ್ಡಿಯಲ್ಲಿ ಔಟ್ ಆದವರು ಗೆರೆಯ ಹೊರಗೆ ಸಾಲಾಗಿ ಕೂರಬೇಕು. ತಮ್ಮವರು ಎದುರಿನವರನ್ನು ಔಟ್ ಮಾಡಿದರೆ ಮಾತ್ರ ಇವರಲ್ಲಿ ಒಬ್ಬೊಬ್ಬರಿಗೆ ಒಳಗಿನಿಂದ ಕರೆ ಬರುತ್ತದೆ. ಆ ಸಾಲಿನಲ್ಲಿ ಕೂತಾಗ ಮನುಷ್ಯರ ಬಣ್ಣ ಬಯಲಾಗುತ್ತದೆ. ಒಬ್ಬಳು ಅಂಪೈರನ ಅಪ್ಪ ಅಜ್ಜನನ್ನೆಲ್ಲ ಬೈಯುತ್ತಾಳೆ, ಒಬ್ಬಳು ಮಣ್ಣು ಕೆರೆಯುತ್ತಾಳೆ, ಒಬ್ಬಳು ತನ್ನ ದುಃಖ ನುಂಗಿಕೊಂಡು ಒಳಗಿರುವವರಿಗೆ ಚಪ್ಪಾಳೆ ತಟ್ಟುತ್ತಾಳೆ. ಅದಕ್ಕೇ ನಮ್ಮ ಆಯ್ಕೆಯ ದಿನ ಒಂದು ಪದ್ಧತಿ ಇದೆ. ಪ್ರತಿ ಹುಡುಗಿಗೂ ಒಂದು ಸುಳ್ಳು ಔಟ್ ಕೊಡುತ್ತೇವೆ. ಮುಟ್ಟದಿದ್ದರೂ ಮುಟ್ಟಿದರು ಎಂದು ಸೀಟಿ ಊದಿ ಹೊರಗೆ ಕಳಿಸುತ್ತೇವೆ, ಕೂತು ನೋಡುತ್ತೇವೆ. ನನಗೆ ಇದನ್ನು ಕಲಿಸಿದವರೂ ನನಗೆ ಹೀಗೇ ಮಾಡಿದ್ದರು.

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಹಿರೇಕೆರೂರಿನ ಒಂದು ಪಂದ್ಯದಲ್ಲಿ. ತಿಳವಳ್ಳಿ ಕಡೆಯ ಸಣ್ಣ ಊರಿನವಳು, ಹತ್ತೊಂಬತ್ತರ ವಯಸ್ಸು. ಮಧ್ಯಾಹ್ನದ ಹೊತ್ತು, ಮೋಡ ಮುಸುಕಿತ್ತು. ಅವಳು ಎದುರಿನ ಅಂಕಣಕ್ಕೆ ಕಾಲಿಟ್ಟು ಕಬಡ್ಡಿ ಕಬಡ್ಡಿ ಎನ್ನತೊಡಗಿದಾಗ ಮೈದಾನದ ಸುತ್ತ ಇದ್ದ ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಎಂಥ ಆಟಗಾರ್ತಿಗೂ ಕೊನೆಕೊನೆಗೆ ಉಸಿರು ಸಾಲದೆ ದನಿ ಹರಿಯುತ್ತದೆ. ಇವಳದು ಹರಿಯಲಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ. ಗಿರಣಿಯ ಬೆಲ್ಟು ಓಡಿದ ಹಾಗೆ ಒಂದೇ ಸಮ. ಗೆರೆ ದಾಟಿ ವಾಪಸು ಬಂದ ಮೇಲೆ ಎಲ್ಲರೂ ಸೊಂಟ ಹಿಡಿದು ಏದುಸಿರು ಬಿಡುತ್ತಾರೆ. ಇವಳು ಕೈ ಕೆಳಗೆ ಬಿಟ್ಟು ಸುಮ್ಮನೆ ನಿಂತಳು.

ಅವಳು ಮುಟ್ಟಿದ್ದು ನಮಗಾರಿಗೂ ಕಾಣುತ್ತಿರಲಿಲ್ಲ. ವಾಪಸು ಬಂದು ಬೆರಳು ತೋರಿಸಿ, "ಆಕಿ, ಮತ್ತ ಆಕಿ," ಎನ್ನುತ್ತಿದ್ದಳು. ತೋರಿಸಿಕೊಂಡವರು ಒಂದು ಮಾತೂ ವಾದಿಸದೆ ಹೊರಗೆ ಹೋಗಿ ಕೂರುತ್ತಿದ್ದರು. ಪಂದ್ಯ ಮುಗಿದ ಮೇಲೆ ಅವರಲ್ಲೊಬ್ಬಳನ್ನು ಕರೆದು, ನಿಜವಾಗಿ ಮುಟ್ಟಿದಳೇನೇ ಎಂದು ಕೇಳಿದೆ.

"ಮುಟ್ಟಿದ್ದು ಗೊತ್ತಾಗಲಿಲ್ಲರಿ ಮೇಡಂ," ಎಂದಳು. "ಇಲ್ಲಿ ಒಂದಿಷ್ಟು ತಣ್ಣಗಾತು ಅಷ್ಟ." ಮೊಣಕೈ ಉಜ್ಜಿಕೊಳ್ಳುತ್ತಲೇ ಇದ್ದಳು.

ವಸ್ತಾದರಂತೂ ಹಿಗ್ಗಿ ಹೀರೇಕಾಯಿಯಾದರು. ಇಂಥವಳನ್ನು ನೋಡಿಯೇ ಕಣ್ಣು ಮುಚ್ಚಬೇಕು ಅಂದುಕೊಂಡಿದ್ದೆ ಎಂದರು. ಅವಳು ಆ ಪಂದ್ಯದಲ್ಲಿ ಒಮ್ಮೆಯೂ ಔಟ್ ಆಗಲಿಲ್ಲ. ಮುಂದೆ ಶಿಗ್ಗಾಂವಿಯಲ್ಲಿ ನಡೆದ ಶಿಬಿರದಲ್ಲೂ ಆಗಲಿಲ್ಲ. ಹೊರಗಿನ ಸಾಲಿನಲ್ಲಿ ಕೂರದವಳನ್ನು ನಾನು ಯಾವ ತಕ್ಕಡಿಯಲ್ಲಿ ತೂಗಲಿ?

ಶಿಬಿರದಲ್ಲಿ ಅವಳಿಂದ ಯಾರಿಗೂ ತೊಂದರೆಯಿರಲಿಲ್ಲ. ಸುಳ್ಳು ಹೇಳುವವಳಲ್ಲ, ಜಗಳ ಗೊತ್ತಿಲ್ಲ, ಬಡಿಸಿದ್ದನ್ನು ಉಣ್ಣುತ್ತಾಳೆ, ಹೇಳಿದ್ದನ್ನು ಮಾಡುತ್ತಾಳೆ. ನಕ್ಕಿದ್ದನ್ನೂ ಸಿಟ್ಟಾಗಿದ್ದನ್ನೂ ಯಾರೂ ಕಂಡಿರಲಿಲ್ಲ. ಬಾಗಿಲು ತೆರೆದ ಮನೆಯ ಹೊಸ್ತಿಲಲ್ಲಿ ನಿಂತು ಎಷ್ಟು ಕೂಗಿದರೂ ಒಳಗಿನಿಂದ ಯಾರೂ ಓಗೊಡದಿದ್ದರೆ ಹೇಗೆ ಅನಿಸುತ್ತದೆಯೋ, ಅವಳ ಜೊತೆ ಮಾತಾಡಿದರೆ ಹಾಗೆ ಅನಿಸುತ್ತಿತ್ತು. ಒಂದು ದಿನ ಊಟವಾದ ಮೇಲೆ ಹುಡುಗಿಯರೆಲ್ಲ ಮಲಗಿದ್ದಾಗ ನಾನು ಕೋಣೆಗೆ ಹೋಗಿ ನೋಡಿದೆ. ಉಳಿದವರ ಮೈಮೇಲಿನ ದುಪಟ್ಟಾ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಇವಳದು ಅಲ್ಲಾಡುತ್ತಿರಲಿಲ್ಲ. ಈಗ ಅಲ್ಲಾಡೀತು ಎಂದು ಕಾಯುತ್ತ ನಿಂತೆ. ಕಣ್ಣು ತೆರೆಯದೆಯೇ ಅವಳು, "ಏನರಿ ಮೇಡಂ?" ಎಂದಳು. ಏನೂ ಇಲ್ಲ ಮಲಗು ಎಂದು ಹೊರಗೆ ಬಂದು ಬಿಸಿಲಲ್ಲಿ ನಿಂತೆ.

ಅದಾದ ಮೇಲೆ ಆ ಅನಾಹುತ ನಡೆಯಿತು. ಹುಡುಗಿಯರನ್ನು ಎರಡು ಪಾಲು ಮಾಡಿ ಆಡಿಸುತ್ತಿದ್ದೆವು. ತಂಡದ ನಾಯಕಿ ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಮನೆಯ ಹುಡುಗಿ, ಬಾಯಿಯೂ ಜೋರು ಎದೆಯೂ ಗಟ್ಟಿ. ಅವಳು ಎದುರಿನ ಪಾಲಿನಲ್ಲಿದ್ದಳು. ಈ ಹುಡುಗಿ ದಾಳಿಗೆ ಹೋದಾಗ ನಾಯಕಿ ಹಾರಿ ಇವಳ ಕಾಲು ಹಿಡಿದಳು, ಅವಳ ಮೇಲೆ ಮತ್ತೊಬ್ಬಳು ಬಿದ್ದಳು. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ನಾಯಕಿಯ ಹೆಗಲೆಲುಬು ಮುರಿದಿತ್ತು. ಅವಳು ಕಿರುಚಿದ ಕಿರುಚಾಟಕ್ಕೆ ವಸ್ತಾದರು ಸೀಟಿ ಊದುವುದನ್ನು ಮರೆತು ಓಡಿದರು, ನಾವೆಲ್ಲ ಓಡಿದೆವು. ಆ ಗಲಾಟೆಯ ನಡುವೆಯೂ ಕಬಡ್ಡಿ ಕಬಡ್ಡಿ ಎಂಬ ದನಿ ಒಂದೇ ಸಮ ಕೇಳುತ್ತಿತ್ತು. ಹುಡುಗಿ ತನ್ನ ಕಾಲು ಬಿಡಿಸಿಕೊಂಡಳು, ಬಿದ್ದವಳನ್ನು ದಾಟಿದಳು, ನಡುಗೆರೆ ಮುಟ್ಟಿದಳು. ಆಮೇಲೆ ನಮ್ಮತ್ತ ತಿರುಗಿ, "ಎರಡು ಪಾಯಿಂಟರಿ," ಎಂದಳು.

ನಿಯಮದ ಪ್ರಕಾರ ತಪ್ಪೇನಿಲ್ಲ. ಸೀಟಿ ಆಗಿರಲಿಲ್ಲ.

ಮರುದಿನದಿಂದ ಹುಡುಗಿಯರು ಅವಳ ಪಕ್ಕ ಹಾಸಿಗೆ ಹಾಸುವುದನ್ನು ಬಿಟ್ಟರು. ಯಾರೋ ಹುಲಗೂರಿನ ದರ್ಗಾದಿಂದ ದಾರ ತಂದು ಹಂಚಿದರು, ಎಲ್ಲ ಜಾತಿಯವರೂ ಕಟ್ಟಿಕೊಂಡರು. ನಾನು ನಾಯಕಿಯನ್ನು ನೋಡಲು ಅವಳ ಮನೆಗೆ ಹೋದೆ. "ಆಕಿ ತಪ್ಪ ಮಾಡಿಲ್ಲರಿ ಮೇಡಂ," ಎಂದಳು ಅವಳು. "ಆದ್ರ ದಾಟುವಾಗ ನನ್ನ ಮಾರಿ ನೋಡಿದಳ್ರಿ. ಕಲ್ಲು ಅಡ್ಡ ಬಂದ್ರ ನೋಡ್ತೀವಲ್ಲ, ಹಂಗ."

ಉಳಿದವರೆಲ್ಲ ಆಯ್ಕೆಯಾಗಿ, ಈಗ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ವಸ್ತಾದರು ಪಟ್ಟು ಹಿಡಿದರು. "ಗುಣದಾಗ ಏನ ಕಡಿಮಿ ಐತಿ ಹೇಳ್ರಿ. ಕುಡೀತಾಳ? ಕದೀತಾಳ? ಎದುರು ಮಾತಾಡ್ತಾಳ?"

"ಕೆಟ್ಟ ಗುಣ ಇಲ್ಲರಿ," ಎಂದೆ. "ಗುಣಾನ ಇಲ್ಲ."

"ಅದೆಂಥಾ ಮಾತು. ನಿಮಗ ಗೆಲ್ಲೂದು ಬೇಕಾಗಿಲ್ಲ ಅನ್ರಿ."

ನನಗೆ ಉರಿದುಹೋಯಿತು. ಗೆಲ್ಲುವುದು ನನಗೆ ಬೇಕಿತ್ತು, ಅವರಿಗಿಂತ ಹೆಚ್ಚಾಗಿಯೇ ಬೇಕಿತ್ತು. ಆ ಸಿಟ್ಟಿನಲ್ಲೇ ಮರುದಿನ ತಿಳವಳ್ಳಿಯ ಬಸ್ಸು ಹತ್ತಿ ಹುಡುಗಿಯ ಊರಿಗೆ ಹೋದೆ.

ಅವಳ ಅವ್ವ ಅಂಗಳದಲ್ಲಿ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಮಗಳ ಆಟದ ಬಗ್ಗೆ ಹೊಗಳಿದೆ, ಅವಳು ತಲೆ ಎತ್ತಲಿಲ್ಲ. ತಂಡಕ್ಕೆ ಆಯ್ಕೆಯಾದರೆ ಹಾಸ್ಟೆಲಿನಲ್ಲಿ ಇರಬೇಕಾಗುತ್ತದೆ ಎಂದಾಗ ಮಾತ್ರ ಕೈ ನಿಲ್ಲಿಸಿದಳು.

"ಇಟಗೋರಿ ಬಾಯಾರ," ಎಂದಳು. "ರಜಾಕ್ಕೂ ಕಳಸಬ್ಯಾಡ್ರಿ."

ಯಾಕೆ ಎಂದು ಕೇಳಿದೆ. ಕೈಯಲ್ಲಿದ್ದ ತೆನೆ ತಿರುಗಿಸುತ್ತ ಹೇಳಿದಳು. "ಒಂಬತ್ತು ವರ್ಷದಾಕಿ ಇದ್ದಾಗ ಕೆರಿಯಾಗ ಬಿದ್ದಳ್ರಿ. ಎತ್ತಿ ತಂದಾಗ ಉಸಿರು ಇದ್ದಿಲ್ಲ. ನಾವೆಲ್ಲಾ ಅತ್ತು, ಮಣ್ಣಿಗೆ ಬರ್ರಿ ಅಂತ ಬೀಗರಿಗೆ ಹೇಳಿಕಳಿಸಿದ್ವಿ. ಆಮ್ಯಾಲೆ ಉಸಿರು ಬಂತು. ಎದ್ದು ಕುಂತಳು. ಆವತ್ತಿನಿಂದ ಒಂದ ದಿನಾನೂ ಅತ್ತಿಲ್ಲ, ಹಟಾ ಮಾಡಿಲ್ಲ. ಹೇಳಿದ್ದೆಲ್ಲಾ ಮಾಡ್ತಾಳ." ಕೈಯಲ್ಲಿದ್ದ ತೆನೆ ಕೆಳಗಿಟ್ಟಳು. "ಬಂದ ಉಸಿರು ಆಕೀದ ಅಂತ ನಾ ಹೆಂಗ ಹೇಳ್ಲಿ, ಬಾಯಾರ?"

ಕಲಿತವಳು ನಾನು. ಹಾಗೆಲ್ಲ ಇರುವುದಿಲ್ಲವ್ವಾ, ನೀರಿನಲ್ಲಿ ಬಿದ್ದ ಮಕ್ಕಳು ಹೆದರಿ ಹಾಗಾಗುತ್ತಾರೆ ಎಂದು ಸಮಾಧಾನ ಹೇಳಿದೆ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಏರಿಳಿಯದ ಆ ದುಪಟ್ಟಾ ಕಣ್ಣಮುಂದೆ ಬಂದು, ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಸಾಕು ಅನಿಸಿತು.

ಆ ಉಳಿದ ಜಾಗದ ಆಯ್ಕೆ ನಡೆದದ್ದು ಹಾನಗಲ್ಲದಲ್ಲಿ. ಅವಳಿಗೂ ಸುಳ್ಳು ಔಟ್ ಕೊಡಲೇಬೇಕು ಎಂದು ನಾನು ಹಟ ಹಿಡಿದೆ. ವಸ್ತಾದರು ಗೊಣಗುತ್ತಲೇ ಒಪ್ಪಿದರು. ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವಳು ದಾಳಿಗೆ ಹೋಗಿ ಗೆರೆಯ ಹತ್ತಿರ ಬಂದಿದ್ದಳು. ಅವರು ಸೀಟಿ ಊದಿ ಅವಳತ್ತ ಕೈ ತೋರಿಸಿದರು.

ಹುಡುಗಿ ನಿಂತಲ್ಲೇ ನಿಂತಳು. ಮೊದಲ ಸಲ ಅವಳ ಮುಖದಲ್ಲಿ ಏನೋ ಕದಲಿತು. ವಾದಿಸಲಿಲ್ಲ. ಹೊರಗೆ ಹೋಗಿ ಸಾಲಿನ ಕೊನೆಯಲ್ಲಿ ಮಂಡಿ ಮಡಚಿ ಕೂತಳು. ಬಾಯಿ ಮಾತ್ರ ನಿಲ್ಲಲಿಲ್ಲ. ಕಬಡ್ಡಿ ಕಬಡ್ಡಿ ಎಂದು ಒಳದನಿಯಲ್ಲಿ ಹೇಳುತ್ತಲೇ ಇದ್ದಳು. ಪಕ್ಕದಲ್ಲಿದ್ದವಳು ಸರಿದು ದೂರ ಕೂತಳು. ಒಳಗಿದ್ದವರಿಗೆ ಒಂದು ಪಾಯಿಂಟೂ ಸಿಗಲಿಲ್ಲ, ಅವಳಿಗೆ ಕರೆ ಬರಲಿಲ್ಲ. ಹಾಗೇ ಆಟ ಮುಗಿಯಿತು. ಹುಡುಗಿಯರೆಲ್ಲ ಎದ್ದು ನೀರು ಕುಡಿಯಲು ಹೋದರು. ಇವಳು ಏಳಲಿಲ್ಲ.

ನಾನು ಹತ್ತಿರ ಹೋಗಿ, ಮುಗೀತಲ್ಲ, ಏಳು ಎಂದೆ.

"ನನ್ನ ಕರದಿಲ್ಲರಿ," ಎಂದಳು. ಹೇಳಿ ಮತ್ತೆ ಶುರು ಮಾಡಿದಳು, ಅದೇ ಕಬಡ್ಡಿ ಕಬಡ್ಡಿ.

"ನಾ ಕರೀತೇನಿ, ಬಾ."

ನನ್ನ ಮುಖ ನೋಡಿದಳು. "ನೀವಲ್ಲರಿ ಮೇಡಂ," ಎಂದಳು.

ಸಂಜೆಯಾಗುತ್ತಿತ್ತು. ಖಾಲಿ ಅಂಕಣದ ಪಕ್ಕ ಅವಳೊಬ್ಬಳೇ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಹುಡುಗಿಯರು ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ವಸ್ತಾದರೂ ಬರಲಿಲ್ಲ. ಇವಳು ಕೂತಿರುವುದು ಇವತ್ತಿನ ಸಾಲಿನಲ್ಲಿ ಅಲ್ಲ, ಕೆರೆಗೆ ಬಿದ್ದ ದಿನದಿಂದ ಹೊರಗೇ ಕೂತಿದ್ದಾಳೆ ಎಂದು ನನಗೆ ಆಗ ಹೊಳೆಯಿತು. ಮೊಬೈಲು ತೆಗೆದು ಅವಳ ಅವ್ವನಿಗೆ ಹಚ್ಚಿದೆ. ನಡೆದದ್ದನ್ನು ಹೇಳಿ, ನೀವೇ ಕರೀರಿ, ಒಳಗ ಬಾ ಅಂತ ಕರೀರಿ ಎಂದೆ.

ಅವಳು ಸಣ್ಣ ದನಿಯಲ್ಲಿ, "ಕರದ್ರ ಯಾರು ಬರ್ತಾರ, ಬಾಯಾರ?" ಎಂದಳು.

"ಕರೀರಿ," ಎಂದಷ್ಟೇ ಹೇಳಿ, ಸ್ಪೀಕರ್ ಒತ್ತಿ ಮೊಬೈಲನ್ನು ಹುಡುಗಿಯ ಮುಂದೆ ಹಿಡಿದೆ.

ತಾಯಿ ಹೆಸರು ಹಿಡಿದು ಕರೆದಳು. ಊರಲ್ಲಿ ಯಾರೂ ಕರೆಯದ, ಮಗುವಿಗೆ ಮನೆಯಲ್ಲಿ ಇಟ್ಟಿರುವ ತುಂಡು ಹೆಸರು. "ಬಾರೇ ಒಳಗ," ಎಂದಳು. "ಬಾ ಸಾಕು." ಹುಡುಗಿಯ ತುಟಿ ನಿಂತಿತು. ಗಂಟಲಲ್ಲಿ ಏನೋ ಹರಿದ ಹಾಗೆ ಒಂದು ಉಸಿರು ಎಳೆದುಕೊಂಡಳು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ನೆಲಕ್ಕೆ ಕೈಯೂರಿ ಎದ್ದಳು.

"ಅಲ್ಲೇ ಇಟಗೋರಿ," ಎಂದಿತು ಮೊಬೈಲು. "ನಾ ಬರಾಕತ್ತೇನಿ."

ನಾನು ಅವಳನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದಿದ್ದ ಜಾಗಕ್ಕೆ ತಡಸದ ಒಬ್ಬ ಹುಡುಗಿಯನ್ನು ಆರಿಸಿದೆ. ಆಟ ಅಷ್ಟಕ್ಕಷ್ಟೇ, ಸುಳ್ಳು ಔಟ್ ಕೊಟ್ಟಾಗ ಚಪ್ಪಾಳೆ ತಟ್ಟುತ್ತ ಕೂತವಳು. ನಾವು ಆ ವರ್ಷ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದೆವು. ವಸ್ತಾದರು ನನ್ನ ಜೊತೆ ಬಹಳ ದಿನ ಮಾತು ಬಿಟ್ಟರು. ಸೋತಿದ್ದಕ್ಕೆ ನನಗೂ ಹೊಟ್ಟೆ ಉರಿಯಿತು, ಇಲ್ಲ ಎಂದು ಯಾಕೆ ಹೇಳಲಿ.

ಆದರೆ ಆ ಸಂಜೆ ಹುಡುಗಿಯ ಚೀಲ ಹಿಡಿದುಕೊಂಡು ಹಾನಗಲ್ಲದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನನಗೆ ಆಟದ ನೆನಪೇ ಇರಲಿಲ್ಲ. ತಿಳವಳ್ಳಿ ಕಡೆಯ ಬಸ್ಸಿನಿಂದ ಅವಳ ಅವ್ವ ಇಳಿದಳು. ಹತ್ತಿರ ಬಾರದೆ ಕಂಬದ ಪಕ್ಕ ನಿಂತು ಮಗಳನ್ನು ನೋಡಿದಳು. ಮಗಳೂ ನೋಡಿದಳು. ನಡುವೆ ಜನ ಹಾದುಹೋಗುತ್ತಿದ್ದರು. ಆಮೇಲೆ ತಾಯಿ ಸರಸರ ಬಂದವಳೇ ಮಗಳ ಬೆನ್ನಿಗೆ ಫಟ್ಟನೆ ಒಂದು ಏಟು ಕೊಟ್ಟಳು.

"ಇಷ್ಟ ದಿನ ಎಲ್ಲಿ ಹೋಗಿದ್ದಿ?" ಎಂದಳು.

ಹುಡುಗಿ ಬಾಯಿ ತೆರೆದು, ಒಂಬತ್ತು ವರ್ಷದ ಮಗುವಿನ ಹಾಗೆ ಜೋರಾಗಿ ಅಳತೊಡಗಿದಳು. ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ಅವ್ವ ಸೆರಗಿನಿಂದ ಅವಳ ಮೂಗು ಒರೆಸಿದಳು, ನನ್ನ ಕೈಯಿಂದ ಚೀಲ ಇಸಿದುಕೊಂಡಳು, ಮಗಳನ್ನು ಬೈಯುತ್ತ ಬಸ್ಸು ಹತ್ತಿದಳು.